ಕದ್ದ ವಿಂಡೋಸ್‌ಗೆ ಇರುವ ಮರ್ಯಾದೆ

"ಫ್ರೀ ಸಿಗೋದೆಲ್ಲ ಕೆಲಸಕ್ಕೆ ಬರೋದಿಲ್ಲ ಮಾರಾಯ" ಅಂದರು ಭಾವ, ವಿಂಡೋಸ್ ಬದಲು ಲಿನಕ್ಸ್ ಅನ್ನೋ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳಿ ಅಂತ ನಾನು ಹೇಳಿದ್ದಕ್ಕೆ. ಹಾಗನ್ನುವಾಗ ಅವರ ಲ್ಯಾಪ್‌ಟಾಪಿನ ಬಲಮೂಲೆಯಲ್ಲಿ ‘ಆ್ಯಕ್ಟಿವೇಟ್ ವಿಂಡೋಸ್’ ಅಂತ ಮಸುಕು ಅಕ್ಷರ ಕೂತಿತ್ತು, ಅಂದರೆ ಲೈಸೆನ್ಸ್ ಇಲ್ಲ ಅಂತ. ನಾನು ಅದನ್ನೇ ನೋಡುತ್ತಾ ಚಹಾ ಕುಡಿದೆ. ಅಕ್ಕ ಎದುರಿಗಿದ್ದಳು, ಅದಕ್ಕೇ ಬಾಯಿ ಬಿಡಲಿಲ್ಲ. ಇಲ್ಲಿ ಬಿಡುತ್ತೇನೆ.

ಭಾವನ ಲ್ಯಾಪ್‌ಟಾಪ್ ವಿಂಡೋಸ್ ಇಲ್ಲದೆ, ಬರೀ ಡಾಸ್ ಅನ್ನೋ ಹಳೇ ಕಾಲದ ಸಿಸ್ಟಂ ಹಾಕಿಕೊಂಡು ಬಂದದ್ದು. ವಿಂಡೋಸ್ ಇರುವ ಮಾಡೆಲ್‌ಗಿಂತ ಸಾವಿರಾರು ರೂಪಾಯಿ ಕಡಿಮೆ ಅಂತ ತಗೊಂಡರು. ಅದೇ ಸಂಜೆ ಅಂಗಡಿಯವನು ಪೆನ್‌ಡ್ರೈವ್ ಚುಚ್ಚಿ ವಿಂಡೋಸ್ 10 ಹಾಕಿಕೊಟ್ಟ. ‘ಸರ್ವಿಸ್ ಚಾರ್ಜ್’ 500 ರೂಪಾಯಿ. ಮೈಕ್ರೋಸಾಫ್ಟ್‌ಗೆ ಅದರಲ್ಲಿ ಒಂದು ಪೈಸೆಯೂ ಹೋಗಿಲ್ಲ. ಆದರೂ ಭಾವನ ಮನಸ್ಸಿನಲ್ಲಿ ಅದು ದುಡ್ಡು ಕೊಟ್ಟು ತಂದ ಮಾಲು. ನಾನು ಹೇಳಿದ ಲಿನಕ್ಸ್ ಮಿಂಟ್ (ಲಿನಕ್ಸ್‌ನ ಒಂದು ಬಗೆ) ಮಾತ್ರ ಬಿಟ್ಟಿ ಮಾಲು!

ಈಗ ತಕರಾರು ಎದ್ದಿರೋದು ಯಾಕೆಂದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. 11 ಹಾಕಬೇಕೆಂದರೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನ ಪ್ರೊಸೆಸರ್‌ನಿಂದ ಮೇಲೆ. ಭಾವನದ್ದು ಆರನೆಯದು. ಯಂತ್ರ ಗಟ್ಟಿಮುಟ್ಟಾಗಿದೆ, ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಹೆಸರಿಲ್ಲ ಅಷ್ಟೇ. ಅದೇ ಅಂಗಡಿಯವನು "ಹೊಸದು ತಗೊಳ್ಳಿ, ಇಲ್ಲಾ ನಾನೇ ಹೇಗಾದರೂ 11 ಹಾಕಿಕೊಡ್ತೀನಿ, ಆ್ಯಂಟಿವೈರಸ್ ಆಫ್ ಮಾಡಿ ತನ್ನಿ" ಅಂದಿದ್ದಾನಂತೆ. ಮನೆ ನಾಯಿಯನ್ನು ಕಟ್ಟಿಹಾಕಿ ಅಪರಿಚಿತನಿಗೆ ಕೀಲಿಕೈ ಕೊಟ್ಟ ಹಾಗೆ. ಲೈಸೆನ್ಸ್ ಇಲ್ಲದೆ ವಿಂಡೋಸ್ ನಡೆಸೋಕೆ ಅವನು ಹಾಕುವ ಆ ಕ್ರ್ಯಾಕ್ ಫೈಲ್ ಒಳಗೆ ಏನಿದೆ ಅಂತ ಭಾವನಿಗೂ ಗೊತ್ತಿಲ್ಲ, ಅಂಗಡಿಯವನಿಗೂ ಗೊತ್ತಿಲ್ಲ. ಅದೇ ಲ್ಯಾಪ್‌ಟಾಪಿನಲ್ಲಿ ಇವರ ಬ್ಯಾಂಕ್ ವ್ಯವಹಾರ, ಅಡಿಕೆ ಲೆಕ್ಕ, ಎಲ್ಲಾ ಇದೆ.

ನನ್ನ ಸಿಟ್ಟು ವಿಂಡೋಸ್ ಮೇಲಲ್ಲ. ದುಡ್ಡು ಕೊಟ್ಟು ತಗೊಳ್ಳಿ, ಸಂತೋಷ. ನಾನೂ ತಗೊಂಡಿದ್ದೇನೆ. ಹೌದು, ನಿಮ್ಮ ಈ ಲಿನಕ್ಸ್ ಭಕ್ತನ ಮನೆಯಲ್ಲೂ ಲೈಸೆನ್ಸ್ ಇರುವ ವಿಂಡೋಸ್ ಯಂತ್ರ ಒಂದಿದೆ. ಹೆಂಡತಿಗೆ ಲೆಕ್ಕಪತ್ರದ ಟ್ಯಾಲಿ ಬೇಕು. ಕನ್ನಡದ ನುಡಿ ತಂತ್ರಾಂಶದಲ್ಲಿ ಬರೆದ ನನ್ನ ಹಳೇ ಫೈಲುಗಳು ಯೂನಿಕೋಡ್ (ಎಲ್ಲ ಕಡೆ ಓದಬಹುದಾದ ಅಕ್ಷರ ಸಂಕೇತ) ಅಲ್ಲ, ಪರಿವರ್ತನೆ ಮಾಡದೆ ಲಿನಕ್ಸ್‌ನಲ್ಲಿ ನೆಟ್ಟಗೆ ಕಾಣುವುದಿಲ್ಲ. ಕೆಲಸಕ್ಕೆ ಬೇಕಾದ್ದನ್ನು ಕೊಳ್ಳೋದರಲ್ಲಿ ನಾಚಿಕೆ ಏನು? ಸಿಟ್ಟು ಬರೋದು, ಕದ್ದದ್ದನ್ನು ಬಳಸುತ್ತಾ ಪುಕ್ಕಟೆಯದನ್ನು ಹೀಯಾಳಿಸಿದಾಗ. ಕದ್ದದ್ದೂ ಪುಕ್ಕಟೆಯೇ ಅಲ್ವಾ ಭಾವ?

"ಲಿನಕ್ಸ್‌ನಲ್ಲಿ ಕಪ್ಪು ಪರದೆ ಮೇಲೆ ಕಮಾಂಡ್ ಹೊಡೀಬೇಕಂತಲ್ಲ" ಅಂತ ಈಗ ಯಾರೋ ಒಬ್ಬರು ಬರ್ತೀರಿ, ಗೊತ್ತು. ಭಾವ ಮಾಡೋದು ಮೂರೇ ಕೆಲಸ: ಬ್ರೌಸರ್, ಎಕ್ಸೆಲ್ ಲೆಕ್ಕ, ಯೂಟ್ಯೂಬ್. ಇದಕ್ಕೆ ಯಾವ ಕಮಾಂಡೂ ಬೇಡ. ಕನ್ನಡ ಟೈಪಿಂಗಿಗೆ ನುಡಿಯ ಅದೇ ಕೀಲಿಮಣೆ ವಿನ್ಯಾಸ ಸಿಗುತ್ತದೆ. ಪ್ರಿಂಟರ್? ಒಪ್ಪುತ್ತೇನೆ, ಕೆಲವು ಪ್ರಿಂಟರುಗಳು ಸತಾಯಿಸುತ್ತವೆ. ವಿಂಡೋಸ್‌ನಲ್ಲಿ ಸತಾಯಿಸುವುದಿಲ್ಲವೋ? ಹೋಗಲಿ, ಇವರು ಕೈಯಲ್ಲಿ ಹಿಡಿದು ವಾದ ಮಾಡುತ್ತಿದ್ದ ಆಂಡ್ರಾಯ್ಡ್ ಫೋನಿನ ಕರ್ನಲ್, ಅಂದರೆ ಒಳಗಿನ ತಿರುಳು, ಕೂಡ ಲಿನಕ್ಸೇ. 2017ರಿಂದೀಚೆಗೆ ಜಗತ್ತಿನ ಟಾಪ್ 500 ಸೂಪರ್‌ಕಂಪ್ಯೂಟರ್ ಪಟ್ಟಿಯಲ್ಲಿರುವ ಎಲ್ಲವೂ ಲಿನಕ್ಸ್‌ನಲ್ಲೇ ಓಡುತ್ತವೆ. ಅಡಿಕೆ ಲೆಕ್ಕಕ್ಕೆ ಮಾತ್ರ ಸಾಲದು!

ಸ್ವಲ್ಪ ತೂಕದ ಮಾತು ಆಡಿದವನು ನನ್ನ ಸಹೋದ್ಯೋಗಿ. "ಫ್ರೀ ಕೊಟ್ಟವರು ನಾಳೆ ಕೈ ಎತ್ತಿದರೆ?" ಅಂದ. ಎತ್ತಿದ್ದೂ ಇದೆ. ದುಡ್ಡಿನ ರೆಡ್ ಹ್ಯಾಟ್ ಲಿನಕ್ಸ್ ಬದಲು ಸರ್ವರ್‌ಗಳಲ್ಲಿ ಅದರದೇ ಕೋಡ್‌ನಿಂದ ಮಾಡಿದ ಪುಕ್ಕಟೆ ಸೆಂಟ್‌ಓಎಸ್ ಹಾಕಿಕೊಂಡವರು ಎಷ್ಟೋ ಜನ. ಸೆಂಟ್‌ಓಎಸ್‌ನ 8ನೇ ಆವೃತ್ತಿ 2029ರವರೆಗೆ ನಡೆಯಬೇಕಿತ್ತು. 2021ರ ಕೊನೆಗೇ ನಿಲ್ಲಿಸುತ್ತೇವೆ ಅಂತ 2020ರ ಡಿಸೆಂಬರ್‌ನಲ್ಲಿ ಹೇಳಿಬಿಟ್ಟರು. ನಮ್ಮ ಆಫೀಸಿನಲ್ಲಿ ಆ ವಾರ ಯಾರ ಮುಖವೂ ನೋಡುವ ಹಾಗಿರಲಿಲ್ಲ. ಆದರೆ ಆಮೇಲೇನಾಯಿತು? ಕೋಡ್ ಎಲ್ಲರ ಕೈಗೂ ಸಿಗುವಂಥದ್ದು. 2021ರಲ್ಲೇ ಅದರ ಜಾಗಕ್ಕೆ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎರಡೂ ಬಂದವು. ನಾವು ಆಲ್ಮಾಗೆ ಹಾರಿದೆವು, ಕೆಲಸ ಮುಂದುವರಿಯಿತು. ವಿಂಡೋಸ್ 10 ನಿಂತಾಗ ಹಾಗೆ ಎತ್ತಿಕೊಂಡು ಮುಂದುವರಿಸೋರು ಹೊರಗೆ ಯಾರೂ ಇಲ್ಲ, ಇರೋಕೆ ಸಾಧ್ಯವೂ ಇಲ್ಲ. ಅಂದಮೇಲೆ ಕೈ ಎತ್ತುವ ಭಯ ಯಾವ ಕಡೆ ಜಾಸ್ತಿ?

ಇನ್ನು, "ತೊಂದರೆ ಆದರೆ ಯಾರನ್ನ ಕೇಳೋದು" ಅನ್ನೋ ಪ್ರಶ್ನೆ. ರೆಡ್ ಹ್ಯಾಟ್‌ಗೆ ಕಂಪನಿಗಳು ದುಡ್ಡು ಕೊಡೋದು ಮುಖ್ಯವಾಗಿ ಇದಕ್ಕೇ. ಕೊಡಲಿ, ಅರ್ಥ ಇದೆ. ಆದರೆ ಕ್ರ್ಯಾಕ್ ಹಾಕಿಕೊಂಡವರು ಯಾರನ್ನು ಕೇಳುತ್ತಾರೆ? ನನ್ನನ್ನು! ಭಾನುವಾರ ಬೆಳಿಗ್ಗೆ, ತಿಂಡಿ ಹೊತ್ತಿಗೆ ಸರಿಯಾಗಿ ಫೋನು. (ಸತ್ಯ ಹೇಳಿಬಿಡ್ತೀನಿ, ಕರೆದರೆ ನನಗೂ ಒಳಗೊಳಗೇ ಖುಷಿ. ಅಕ್ಕನ ಮನೆಯ ತೊಡೆದೇವು ಬೇರೆ ಸಿಗುತ್ತದೆ.)

ಆದರೂ ಇನ್ನು ಮೇಲೆ ಕ್ರ್ಯಾಕ್ ಹಾಕಿದ ಯಂತ್ರ ನಾನು ಮುಟ್ಟೋದಿಲ್ಲ. ಲೈಸೆನ್ಸ್ ಇದೆಯೋ, ತನ್ನಿ, ನೋಡೋಣ. ಲಿನಕ್ಸ್ ಬೇಕೋ, ಪೆನ್‌ಡ್ರೈವ್ ನನ್ನ ಹತ್ತಿರವೇ ಇದೆ, ಹಾಕದೆಯೇ ಅದರಿಂದಲೇ ಓಡಿಸಿ ನೋಡಬಹುದು. "ಒಂದು ವಿಂಡೋಸ್ ಲೈಸೆನ್ಸ್ ಕೀ ಇದ್ರೆ ಕಳ್ಸೋ" ಅಂತ ಮಾತ್ರ ಯಾರೂ ಮೆಸೇಜ್ ಹಾಕಬೇಡಿ.