ಹಿಮ್ಮಡಿಗೆ ಇಟ್ಟ ನೀರು

ಬೆಂಗಳೂರಿನ ಅರ್ಧ ಮ್ಯಾರಥಾನಿಗೆ ಹೆಸರು ನೋಂದಾಯಿಸಿದ ದಿನ, ನನಗೆ ಹಿಮ್ಮಡಿ ಎಂಬ ಅಂಗವೊಂದಿದೆ ಎನ್ನುವುದೇ ನೆನಪಿರಲಿಲ್ಲ. ನಲವತ್ತೆಂಟರ ವಯಸ್ಸಿನಲ್ಲಿ, ದಾವಣಗೆರೆಯ ಬೆಣ್ಣೆ ದೋಸೆಯನ್ನು ಮೂರು ದಶಕ ನಿಷ್ಠೆಯಿಂದ ಸೇವಿಸಿದ ಶರೀರವೊಂದು ಓಡಲು ಹೊರಟರೆ ಮೊದಲ ತಕರಾರು ಹೊಟ್ಟೆಯದೇ ಆಗಿರುತ್ತದೆಂದು ಎಣಿಸಿದ್ದೆ. ಹೊಟ್ಟೆ ಸುಮ್ಮನಿತ್ತು. ಕುಂದವಾಡ ಕೆರೆಯ ಸುತ್ತ ಮೂರು ವಾರ ಓಡಿದ ಮೇಲೆ, ಒಂದು ಬೆಳಿಗ್ಗೆ ಹಾಸಿಗೆಯಿಂದ ನೆಲಕ್ಕೆ ಕಾಲಿಟ್ಟಾಗ ಬಲ ಹಿಮ್ಮಡಿಗೆ ಯಾರೋ ಮೊಳೆ ಹೊಡೆದಂತಾಯಿತು.

ಓಡಬೇಕಾದ ದೂರ ಕರಾರುವಾಕ್ಕಾಗಿ 21.0975 ಕಿಲೋಮೀಟರ್. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯ ಬಳಿ ಹೊರಟ ಓಟವನ್ನು ಕ್ರೀಡಾಂಗಣದಲ್ಲಿ ರಾಜಮನೆತನದವರು ಕುಳಿತಿದ್ದ ಜಾಗದೆದುರು ಮುಗಿಸಿದ್ದರಿಂದ ಪೂರ್ಣ ಮ್ಯಾರಥಾನಿಗೆ 42.195 ಕಿಲೋಮೀಟರಿನ ಅಳತೆ ಬಂತು. ಅವರು ಆರಾಮವಾಗಿ ಕುಳಿತು ನೋಡಿದ ತಪ್ಪಿಗೆ ದಾವಣಗೆರೆಯ ಲೆಕ್ಕಿಗನೊಬ್ಬ ಇಂದಿಗೂ 97.5 ಮೀಟರ್ ಹೆಚ್ಚುವರಿ ಓಡಬೇಕಾಗಿದೆ.

ನನ್ನ ನೋವಿಗೆ ಪ್ಲಾಂಟರ್ ಫ್ಯಾಸಿಯೈಟಿಸ್ ಎಂದು ಹೆಸರಿಟ್ಟ ಫಿಸಿಯೋಥೆರಪಿಸ್ಟ್ ಅದರ ವೃತ್ತಾಂತವನ್ನೂ ವಿವರಿಸಿದರು. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಹರಡಿರುವ ದಪ್ಪ ಪಟ್ಟಿಯೊಂದು ರಾತ್ರಿಯೆಲ್ಲ ಮುದುಡಿಕೊಂಡಿದ್ದು, ಬೆಳಗಿನ ಮೊದಲ ಹೆಜ್ಜೆಗೆ ಒಮ್ಮೆಲೇ ಎಳೆದಾಗ ನೋಯುತ್ತದೆ. ಒಂದಷ್ಟು ನಡೆದಾಡಿದರೆ ಸಡಿಲವಾಗುತ್ತದೆ. ಸಂಸಾರಸ್ಥನಿಗೆ ಇದಕ್ಕಿಂತ ದ್ರೋಹಿಯಾದ ಕಾಯಿಲೆ ಇನ್ನೊಂದಿರಲಾರದು. ಹಾಸಿಗೆ ಮಡಿಚುವ ಹೊತ್ತಿಗೆ ಗೋಡೆ ಹಿಡಿದು ನರಳುವ ನಾನು, ದೋಸೆ ಹೋಟೆಲ್ಲಿಗೆ ಹೊರಡುವ ಹೊತ್ತಿಗೆ ನೆಟ್ಟಗೆ ನಡೆಯುತ್ತಿದ್ದೆ. "ನಿಮ್ಮ ಕಾಲು ಕೆಲಸ ನೋಡಿ ನೋಯ್ತೈತಿ ಬಿಡ್ರಿ" ಎಂದು ನನ್ನಾಕೆ ತೀರ್ಪಿತ್ತಳು.

ಅಂಗಾಲಿನಡಿ ಉರುಟಾದ ವಸ್ತುವೊಂದನ್ನು ಉರುಳಿಸುತ್ತಿರಬೇಕೆಂಬ ಸಲಹೆಯಿತ್ತು. ಮನೆಯಲ್ಲಿ ಅದಕ್ಕೆ ಹೇಳಿ ಮಾಡಿಸಿದಂತಿದ್ದದ್ದು ಲಟ್ಟಣಿಗೆ. ಎರಡು ದಿನ ಗುಟ್ಟಾಗಿ ನಡೆದ ಈ ಚಿಕಿತ್ಸೆ ಮೂರನೆಯ ದಿನ ಬಯಲಾಯಿತು. ಆ ಎರಡೂ ರಾತ್ರಿ ಚಪಾತಿ ತಿಂದಿದ್ದವರು ನನ್ನನ್ನು ನೋಡಿದ ಬಗೆಯನ್ನು ಇಲ್ಲಿ ವರ್ಣಿಸುವುದಿಲ್ಲ. ಹೊಸ ಲಟ್ಟಣಿಗೆ ಬಂತು. ನಾನು ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಯನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿ, ಅದನ್ನೇ ಬೆಳಿಗ್ಗೆ ಸಂಜೆ ಕಾಲಡಿ ಉರುಳಿಸತೊಡಗಿದೆ.

ಏಪ್ರಿಲ್ ತಿಂಗಳ ಶನಿವಾರದ ಮಧ್ಯಾಹ್ನ, ಜಗಳೂರಿನಿಂದ ದೊಡ್ಡಪ್ಪನವರು ಬಸ್ಸಿಳಿದು ಆ ಉರಿಬಿಸಿಲಿನಲ್ಲಿ ನಡೆದೇ ಬಂದಿದ್ದರು. ನಾನು ಕಚೇರಿಯಿಂದ ಮರಳಿದಾಗ, ಕಣ್ಣು ಮುಚ್ಚಿ ಕುಳಿತು ಅರ್ಧ ಕರಗಿದ ಆ ಬಾಟಲಿಯನ್ನು ಒಮ್ಮೆ ಎಡಗೆನ್ನೆಗೆ, ಒಮ್ಮೆ ಬಲಗೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ನಡುನಡುವೆ ಎತ್ತಿ ಕುಡಿಯುತ್ತಿದ್ದರು. ಬಾಯಿ ತಾಗಿಸದೆ ಎತ್ತಿ ಕುಡಿಯುವ ನಮ್ಮವರ ಪದ್ಧತಿಯ ಮಹತ್ವ ನನಗೆ ಅಂದು ತಿಳಿಯಿತಾದರೂ ಕೆನ್ನೆಯ ವಿಷಯದಲ್ಲಿ ಅದರಿಂದ ಪ್ರಯೋಜನವಿರಲಿಲ್ಲ. "ಏನ್ ತಣ್ಣಗೈತೋ ತಮ್ಮಾ ನಿಮ್ಮನಿ ನೀರು! ಜೀವಕ್ಕ ಹಿತ ಆತು ನೋಡು" ಎಂದರು. ಹಿರಿಯರ ಸಂತೋಷಕ್ಕೆ ಕಲ್ಲು ಹಾಕಬಾರದೆಂದು ಸುಮ್ಮನಾದೆ.

ಮರುದಿನ ಭಾನುವಾರ. ವಾರದಿಂದ ವಾರಕ್ಕೆ ಓಟದ ದೂರವನ್ನು ಶೇಕಡಾ 10ಕ್ಕಿಂತ ಹೆಚ್ಚಿಸಬಾರದೆಂದು ಓಟಗಾರರು ಹೇಳುವುದುಂಟು. ಹಿಂದಿನ ವಾರ 8 ಕಿಲೋಮೀಟರ್ ಓಡಿದ್ದವನು, ಇಪ್ಪತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದವನು, 14 ಕಿಲೋಮೀಟರ್ ದೂರದ ಹರಿಹರಕ್ಕೆ ಓಡಿಯೇ ಹೋಗಿ ಬಸ್ಸಿನಲ್ಲಿ ಮರಳುವುದೆಂದು ನಿರ್ಧರಿಸಿದೆ. ಶೇಕಡಾ 75ರ ಏರಿಕೆಗೆ ಬೇರೆ ಯಾರಾದರೂ ಕಡತ ಮಂಡಿಸಿದ್ದರೆ ನಾನೇ ಷರಾ ಬರೆದು ವಾಪಸು ಕಳಿಸುತ್ತಿದ್ದೆ.

ಊರು ದಾಟುವುದರೊಳಗೆ ಮೂವರು ಪರಿಚಿತರು ಸ್ಕೂಟರ್ ನಿಲ್ಲಿಸಿ, "ಯಾಕ್ರೀ ಸರ್, ಗಾಡಿ ಕೆಟ್ಟೈತೇನು? ಹತ್ರಿ" ಎಂದರು. ಮೂವರನ್ನೂ ನಗುತ್ತ ಸಾಗಹಾಕಿದೆ. ದೊಡ್ಡಬಾತಿ ದಾಟಿದ ಮೇಲೆ ಎಡ ಮೊಣಕಾಲಿನ ಹೊರಬದಿಯಲ್ಲಿ ಚುರುಕ್ ಎಂದಿತು. ಬಲ ಹಿಮ್ಮಡಿಯನ್ನು ಕಾಪಾಡಲೆಂದು ಇಷ್ಟು ದಿನ ಎಡಗಾಲಿನ ಮೇಲೆ ಹೇರಿದ್ದ ಭಾರದ ಬಾಕಿಯನ್ನು ಅದು ಬಡ್ಡಿಸಹಿತ ವಸೂಲಿ ಮಾಡುತ್ತಿರಬೇಕೆಂಬುದು ನನ್ನ ಗುಮಾನಿ. ಬಾಡಿಗೆದಾರ ಮನೆ ಬಿಟ್ಟಿರಲಿಲ್ಲ, ಕೋಣೆ ಬದಲಿಸಿದ್ದ. ಈಗ ಯಾವ ಸ್ಕೂಟರೂ ನಿಲ್ಲಲಿಲ್ಲ. ಎರಡು ಕಾಲಿಗೂ ಕುಂಟುತ್ತ, ಎಂದರೆ ಹೆಚ್ಚುಕಡಿಮೆ ನೆಟ್ಟಗೆ, ನಡೆದು ದಾವಣಗೆರೆಯ ಕಡೆಗೆ ಹೊರಟಿದ್ದ ಬಸ್ಸಿಗೆ ಕೈ ಮಾಡಿದೆ. ನಾನು ಕಂಬಿ ಹಿಡಿದು ಮೆಟ್ಟಿಲೇರಿದ ರೀತಿ ನೋಡಿದ ಕಂಡಕ್ಟರ್, "ಏ ಹುಡುಗ್ರಾ, ಅಜ್ಜಾರಿಗೆ ಜಾಗ ಬಿಡ್ರೋ" ಎಂದು ಕೂಗಿದ. ನಾನು ಪ್ರತಿಭಟಿಸದೆ ಕುಳಿತೆ.

ಮನೆಗೆ ಬಂದು ಮೊಣಕಾಲಿಗೆ ಒತ್ತಿಕೊಳ್ಳಲೆಂದು ಫ್ರೀಜರಿನ ಬಾಗಿಲು ತೆರೆದರೆ ಬಾಟಲಿ ಇರಲಿಲ್ಲ. ರಾತ್ರಿ ಮತ್ತೆ ನೀರು ತುಂಬಿಸಿ, ಗಟ್ಟಿಯಾಗಲು ಇಡಿಸಿ, ಜಗಳೂರಿನ ದಾರಿಗೆ ಬೇಕೆಂದು ದೊಡ್ಡಪ್ಪನವರೇ ಕೇಳಿ ತೆಗೆದುಕೊಂಡು ಹೋಗಿದ್ದರು.