ಗೀರು ಬಿದ್ದ ಗುಲಾಬಿ ತಟ್ಟೆಗೂ ಬೆಲೆ ಕೊಡಿ

ಹಳೇ ಅಮೆರಿಕನ್ ಗುಲಾಬಿ ಗಾಜಿನ ಪಾತ್ರೆ ಕೂಡಿಡುವವರ ಬಾಯಲ್ಲಿ ಸದಾ ಒಂದೇ ಮಾತು, 'ಮಿಂಟ್ ಕಂಡೀಷನ್'. ಒಂದು ಗೀರೂ ಇರಬಾರದು, ಅಂಚಲ್ಲಿ ಚೂರೂ ಚಕ್ಕೆ ಎದ್ದಿರಬಾರದು. ಚಾಕು ಆಡಿದ ಗುರುತಿರುವ ತಟ್ಟೆಯನ್ನು ಆಂಟಿಕ್ ಅಂಗಡಿಗಳಲ್ಲಿ ಮೂಲೆಗೆ ಹಾಕಿರುತ್ತಾರೆ. ನನಗೆ ಇದು ಸರಿ ಅನಿಸುವುದಿಲ್ಲ.

ಈ ಗಾಜು ಯಾರಿಗಾಗಿ ಹುಟ್ಟಿತು ಅಂತ ನೋಡಿ. ಇದರ ಹೆಸರೇ ಡಿಪ್ರೆಶನ್ ಗ್ಲಾಸ್. ಡಿಪ್ರೆಶನ್ ಅಂದರೆ ಇಲ್ಲಿ ಅಮೆರಿಕದ ಆರ್ಥಿಕ ಕುಸಿತ. 1929ರಲ್ಲಿ ಷೇರುಪೇಟೆ ಕುಸಿದು, ಜನ ಕೆಲಸ ಕಳೆದುಕೊಂಡು ಕೂತಿದ್ದ ಕಾಲದ ಮಾಲು. ಓಹಾಯೋ, ಪೆನ್ಸಿಲ್ವೇನಿಯಾ, ವೆಸ್ಟ್ ವರ್ಜೀನಿಯಾ, ಇಂಡಿಯಾನಾ ಕಡೆಯ ಕಾರ್ಖಾನೆಗಳಲ್ಲಿ ರಾಶಿ ರಾಶಿ ತಯಾರಾಯಿತು. ಶ್ರೀಮಂತರ ಮನೆಯ ಗಾಜಿನ ಹಾಗೆ ಕೈಯಲ್ಲಿ ಊದಿ, ಕೆತ್ತಿ ಮಾಡುತ್ತಿರಲಿಲ್ಲ. ಕರಗಿದ ಗಾಜನ್ನು ಅಚ್ಚಿಗೆ ಬಿಟ್ಟು ಯಂತ್ರದಲ್ಲಿ ಒತ್ತಿ ತೆಗೆಯುತ್ತಿದ್ದರು. ಓಹಾಯೋದ ಲ್ಯಾಂಕಾಸ್ಟರ್ ಊರಿನ ಹಾಕಿಂಗ್ ಎಂಬ ಗಾಜಿನ ಕಂಪನಿಯ ಯಂತ್ರ ನಿಮಿಷಕ್ಕೆ 90 ಪಾತ್ರೆ ಒತ್ತುತ್ತಿತ್ತು. ಹಾಗಾಗಿ ಐದು ಸೆಂಟಿಗೆ ಎರಡು ಲೋಟ ಮಾರಲು ಅವರಿಗೆ ಸಾಧ್ಯವಾಯಿತು.

ಬಣ್ಣವೂ ಅಷ್ಟೇ. ಚಿನ್ನ ಬೆರೆಸಿ ಕೆಂಪು ಬರಿಸುವ ದುಬಾರಿ ಗಾಜು ಬೇರೆ. ಮರಳಿನಲ್ಲಿರುವ ಕಬ್ಬಿಣದಿಂದ ಗಾಜಿಗೆ ಹಸಿರು ಛಾಯೆ ಬರುತ್ತದೆ. ಅದನ್ನು ಮರೆಸಲು ಚೂರು ಸೆಲೆನಿಯಂ ಹಾಕುವುದು ಕಾರ್ಖಾನೆಯವರಿಗೆ ಗೊತ್ತಿದ್ದ ಉಪಾಯ. ಅದೇ ಸೆಲೆನಿಯಂ ಜಾಸ್ತಿ ಹಾಕಿದರೆ ಗುಲಾಬಿ ಬಣ್ಣ. ಒಂದೊಂದು ಸಲದ ಪಾಕಕ್ಕೆ ಒಂದೊಂದು ಛಾಯೆ. ಒಂದೇ ವಿನ್ಯಾಸದ ಎರಡು ತಟ್ಟೆ ಪಕ್ಕಪಕ್ಕ ಇಟ್ಟರೆ ಒಂದು ತುಸು ಕಿತ್ತಳೆಯ ಕಡೆಗಿರುತ್ತದೆ, ಇನ್ನೊಂದು ತಿಳಿಯಾಗಿರುತ್ತದೆ. ಗಾಜಿನೊಳಗೆ ಗುಳ್ಳೆ ಇರುತ್ತದೆ, ಬದಿಯಲ್ಲಿ ಅಚ್ಚಿನ ಗೆರೆ ಕಾಣುತ್ತದೆ. ನನಗೆ ಇವೆಲ್ಲ ತುಂಬ ಇಷ್ಟ.

ಇವು ಮನೆ ಸೇರಿದ ದಾರಿ ಇನ್ನೂ ಚೆಂದ. ಓಟ್ಸ್ ಡಬ್ಬಿಯೊಳಗೆ ಒಂದು ಬಟ್ಟಲು ಸಿಗುತ್ತಿತ್ತು. ಸಿನಿಮಾ ಥಿಯೇಟರ್‌ಗಳು ಜನ ಬರಲಿ ಅಂತ ವಾರದಲ್ಲೊಂದು ರಾತ್ರಿ ಟಿಕೆಟ್ ಜೊತೆ ಪಾತ್ರೆ ಕೊಡುತ್ತಿದ್ದವು. ಈ ವಾರ ಕಪ್, ಮುಂದಿನ ವಾರ ಸಾಸರ್. ದುಡ್ಡಿಲ್ಲದ ಮನೆಯ ಹೆಂಗಸು ಒಂದೊಂದಾಗಿ ಜೋಡಿಸಿಕೊಂಡ ಊಟದ ಸಾಮಾನು ಇದು. ಆಕೆಯ ಮನೆಯವರು ಅದರಲ್ಲಿ ದಿನಾ ಊಟ ಮಾಡಿದ ಗುರುತೇ ಆ ಗೀರುಗಳು, ಅಲ್ವಾ? ಅದನ್ನು ದೋಷ ಅಂತ ಚೀಟಿ ಅಂಟಿಸಿ ಮಾರುವುದು ಕಂಡರೆ ನನಗೆ ಬೇಜಾರಾಗುತ್ತದೆ. ಪೂರ್ತಿ ಸೆಟ್ ಇಲ್ಲದಿದ್ದರೆ ಬೇಡ ಅನ್ನುವವರಿಗೂ ಇದೇ ಮಾತು. ಎಷ್ಟೋ ಮನೆಗಳಲ್ಲಿ ಸೆಟ್ ಯಾವತ್ತೂ ಪೂರ್ತಿ ಆಗಿರಲೇ ಇಲ್ಲ.

ಹೊಳೆಯುವುದನ್ನೇ ಹುಡುಕುವವರು ಇನ್ನೊಂದು ವಿಷಯ ನೋಡಬೇಕು. 1970ರ ದಶಕದಿಂದ ಹೊಸ ಅಚ್ಚಿನ ಮಾಲು ಬರತೊಡಗಿತು. 'ಚೆರ್ರಿ ಬ್ಲಾಸಮ್', 'ಮಿಸ್ ಅಮೆರಿಕಾ' ಎಂಬ ಹಳೇ ವಿನ್ಯಾಸಗಳೆರಡಕ್ಕೂ ನಕಲಿವೆ. 'ಮ್ಯಾಡ್ರಿಡ್' ವಿನ್ಯಾಸವನ್ನು ಅದನ್ನು ಮೊದಲು ಮಾಡಿದ್ದ ಫೆಡರಲ್ ಗ್ಲಾಸ್ ಕಂಪನಿಯೇ 1976ರಲ್ಲಿ ಮತ್ತೆ ತಂದಿತು, ಆದರೆ ಪಾತ್ರೆಯ ಮೇಲೆ 76 ಅಂತ ಗುರುತು ಹಾಕಿತು. ಆಮೇಲೆ ಆ ಅಚ್ಚುಗಳು ಇಂಡಿಯಾನಾ ಗ್ಲಾಸ್ ಕಂಪನಿಯ ಕೈಗೆ ಹೋದವು. ಅವರು ಗುರುತು ತೆಗೆದು ಗುಲಾಬಿಯಲ್ಲೂ ಒತ್ತಿದರು. ಸವೆತ ಇದ್ದ ಮಾತ್ರಕ್ಕೆ ಹಳೇದು ಅಂತಲ್ಲ, ಹೂವು ಎಲೆಗಳ ವಿವರವನ್ನು ಪುಸ್ತಕ ಇಟ್ಟುಕೊಂಡು ಹೋಲಿಸಲೇಬೇಕು. ಆದರೂ ನೂರು ವರ್ಷಕ್ಕೆ ಹತ್ತಿರವಾದ ತಟ್ಟೆಯ ಅಡಿಯಲ್ಲಿ ಒಂದಿಷ್ಟೂ ಸವೆತ ಇಲ್ಲದಿದ್ದರೆ ನಾನು ಎರಡು ಸಲ ನೋಡುತ್ತೇನೆ.

ಮನೆಯಲ್ಲಿ ನಾವು ಇವನ್ನು ಬಳಸುತ್ತೇವೆ. ಕುದಿಯುವ ಸಾರು ಸುರಿಯುವುದಿಲ್ಲ, ಬಿಸಿಗೆ ಸೀಳಬಹುದು. ಡಿಶ್‌ವಾಷರ್‌ಗಂತೂ ಖಂಡಿತ ಹಾಕಬೇಡಿ. ಗಾಜು ಮಂಜು ಹಿಡಿದ ಹಾಗೆ ಮಬ್ಬಾಗುತ್ತದೆ, ತಿಕ್ಕಿದರೂ ಹೋಗುವುದಿಲ್ಲ. ಹಣ್ಣು, ಮೊಸರವಲಕ್ಕಿ, ಕೋಸಂಬರಿಗೆ ಯಾವ ತೊಂದರೆಯೂ ಇಲ್ಲ.

ಓಹಾಯೋ, ಪಿಟ್ಸ್‌ಬರ್ಗ್ ಕಡೆ ಇರುವ ಕನ್ನಡದವರು ಯಾರಾದರೂ ಎಸ್ಟೇಟ್ ಸೇಲ್‌ಗೆ (ತೀರಿಕೊಂಡವರ ಮನೆ ಸಾಮಾನಿನ ಮಾರಾಟಕ್ಕೆ) ಹೋದಾಗ 'ಶೆರನ್' ವಿನ್ಯಾಸದ ಊಟದ ತಟ್ಟೆ ಕಂಡರೆ ಒಂದು ಫೋಟೋ ಕಳಿಸಿ. ಗೀರು ಬಿದ್ದಿದ್ದರೂ ಪರವಾಗಿಲ್ಲ, ಬೇರೆಯವರು ಬಿಟ್ಟದ್ದನ್ನು ನಾನು ತಗೊಳ್ಳುತ್ತೇನೆ.