ಇದರ ಮೇಲ್ಗಡೆ ಯಾರ ಜಮೀನು?

ಹೋದ ಬೇಸಿಗೇಲಿ ಅಮ್ಮ ಆಸ್ಟಿನ್‌ಗೆ ಬಂದಿದ್ದಾಗ ಬಾರ್ಟನ್ ಸ್ಪ್ರಿಂಗ್ಸ್‌ಗೆ ಕರ್ಕೊಂಡು ಹೋಗಿದ್ದೆ. ಟೆಕ್ಸಾಸ್ ಬಿಸಿಲು ಗೊತ್ತಲ್ಲ, ನೆತ್ತಿ ಸುಡ್ತಿತ್ತು, ಅಮ್ಮ ಸೀರೆ ಸ್ವಲ್ಪ ಎತ್ಕೊಂಡು ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟೋರು "ಅಯ್ಯೋ ಶಿವನೇ, ಏನು ಕೊರೀತದೆ" ಅಂತ ಹಾಗೇ ಎಳ್ಕೊಂಡ್ರು. 3 ಎಕರೆ ಕೊಳ ಅದು, ಅಡಿಯ ಸುಣ್ಣಕಲ್ಲಿನ ಬಿರುಕಿಂದ ನೀರು ಉಕ್ತಾ ಇರುತ್ತೆ, ಮಳೆಗಾಲ ಚಳಿಗಾಲ ಏನೇ ಇರ್ಲಿ ಹೆಚ್ಚೂಕಮ್ಮಿ 20-21 ಡಿಗ್ರಿ ಸೆಲ್ಸಿಯಸ್. ಅಮ್ಮ ಮಧುಗಿರಿ ಕಡೆಯೋರು, ತಲಪರಿಗೆ, ಅಂದ್ರೆ ನೆಲದಿಂದ ತಾನಾಗೇ ಉಕ್ಕೋ ಚಿಲುಮೆ, ಅದರ ನೀರು ಕುಡಿದು ಬೆಳೆದೋರು. ಸುಮಾರು ಹೊತ್ತು ನೋಡಿ ಕೇಳಿದ್ದು ಒಂದೇ, "ಇದರ ಮೇಲ್ಗಡೆ ಯಾರ ಜಮೀನಪ್ಪ?"

ಹನ್ನೊಂದು ವರ್ಷದಿಂದ ಇಲ್ಲಿದೀನಿ, ನಂಗೆ ಗೊತ್ತಿರ್ಲಿಲ್ಲ. ಆಮೇಲೆ ಕೂತು ಓದ್ದೆ.

ಇಲ್ಲಿ ಎಲ್ರೂ ಹೇಳೋದು ಜಿಲ್ಕರ್ ಕಥೆ. ಐಸ್ ಫ್ಯಾಕ್ಟರಿ ನಡೆಸ್ತಿದ್ದ ಆಂಡ್ರೂ ಜಿಲ್ಕರ್ 1917ರಲ್ಲಿ ಈ ಚಿಲುಮೆ ಇರೋ ಜಾಗ ಬಿಟ್ಟುಕೊಟ್ರು, ಬದಲಿಗೆ ಊರು ಶಾಲೆಗಳಿಗೆ ದುಡ್ಡು ಕೊಡ್ಬೇಕು ಅನ್ನೋ ಕರಾರಲ್ಲಿ, ಆಮೇಲೆ ಇನ್ನಷ್ಟು ಜಮೀನೂ ಕೊಟ್ರು, ಅದೇ ಇವತ್ತಿನ ಜಿಲ್ಕರ್ ಪಾರ್ಕ್. 1920ರ ದಶಕದ ಕೊನೇಲಿ ಕಾಂಕ್ರೀಟ್ ಕಟ್ಟೆ ಹಾಕಿ ಹಳ್ಳಾನ ಈಜುಕೊಳ ಮಾಡಿದ್ರು. ದೊಡ್ಡ ಮನಸ್ಸು, ಇಲ್ಲ ಅನ್ನಲ್ಲ. ಆದ್ರೆ ದಾನ ಕೊಟ್ಟ ಮಾತ್ರಕ್ಕೆ ಅದು ಎಲ್ಲರದ್ದೂ ಆಗಲಿಲ್ಲ. ಸಾರ್ವಜನಿಕ ಕೊಳ ಅಂತ ಕರೆದ್ರೂ ಕಪ್ಪು ಜನರಿಗೆ ಪ್ರವೇಶ ಇರ್ಲಿಲ್ಲ. ಕೆರೆ ನೀರು ಮುಟ್ಟೋಕೂ ಹೋರಾಡಬೇಕಾಗಿ ಬಂದ ದೇಶದಿಂದ ಬಂದ ನಮಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. 1960ರಲ್ಲಿ ಜೋನ್ ಮೀನ್ಸ್ ಅನ್ನೋ ಹೈಸ್ಕೂಲ್ ಹುಡುಗಿ ಅದೇ ತಣ್ಣೀರಿಗೆ ಧುಮುಕಿದ್ಲು, ಅವಳ ಹಿಂದೆ ಇನ್ನಷ್ಟು ಜನ, ಕೆಲವೇ ವರ್ಷದಲ್ಲಿ ಬಾಗಿಲು ತೆರೀತು. ನನ್ನ ಪ್ರಕಾರ ಪಾರ್ಕ್ ಪಾರ್ಕ್ ಆಗಿದ್ದು ಅವತ್ತು.

ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1990ರ ಜೂನ್ 7ರ ಕಥೇಲಿ. ಹಳ್ಳದ ಮೇಲ್ಗಡೆ ಸುಮಾರು 4,000 ಎಕರೇಲಿ ಮನೆ, ಗಾಲ್ಫ್ ಕೋರ್ಸ್ ಮಾಡೋ ಪ್ಲಾನ್ ಸಿಟಿ ಕೌನ್ಸಿಲ್ ಮುಂದೆ ಬಂತು. 600ಕ್ಕೂ ಹೆಚ್ಚು ಜನ ಮಾತಾಡೋಕೆ ಹೆಸರು ಬರೆಸಿ ರಾತ್ರಿಯೆಲ್ಲಾ ಕೂತ್ರು, ಬೆಳಗಿನ ಜಾವ ಕೌನ್ಸಿಲ್ ಅದನ್ನ ತಿರಸ್ಕರಿಸ್ತು. 1992ರಲ್ಲಿ ಜನರೇ ವೋಟ್ ಹಾಕಿ ಕಾನೂನು ತಂದ್ರು, ಚಿಲುಮೆಗೆ ನೀರು ಬರೋ ಪ್ರದೇಶದಲ್ಲಿ ಹೊಸದಾಗಿ ಕಟ್ಟೋರು ಜಾಗದ 15ರಿಂದ 25 ಪರ್ಸೆಂಟ್‌ಗಿಂತ ಜಾಸ್ತಿ ಕಾಂಕ್ರೀಟು, ಡಾಂಬರು ಮುಚ್ಚೋಹಾಗಿಲ್ಲ. ಯಾಕಂದ್ರೆ ಸುಣ್ಣಕಲ್ಲಿನ ನೆಲ ನೀರನ್ನ ಸೋಸಲ್ಲ, ಮೇಲಿನ ಗುಂಡಿ, ಬಿರುಕಲ್ಲಿ ಇಳಿದ ಕೊಳೆ ಹೆಚ್ಚೂಕಮ್ಮಿ ಹಾಗೇ ಕೆಳಗೆ ಬಂದು ಉಕ್ಕುತ್ತೆ. ಆ ಚಿಲುಮೆಯ ಕಲ್ಲಿನ ಸಂದೀಲಿ ಬೆರಳುದ್ದದ ಒಂದು ಸಾಲಮಾಂಡರ್ ಇದೆ, ನೋಡೋಕೆ ಹಲ್ಲಿ ಥರದ ನೀರಿನ ಪ್ರಾಣಿ, ಕುತ್ತಿಗೆ ಪಕ್ಕದಲ್ಲಿ ಕೆಂಪು ಕುಚ್ಚಿನ ಹಾಗೆ ಕಿವಿರು, 1997ರಲ್ಲಿ ಅದನ್ನ ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ರು, ಈಗ ಕೊಳ ತೊಳೆಯೋವಾಗ್ಲೂ ಅದನ್ನ ನೋಡ್ಕೊಂಡೇ ತೊಳೀಬೇಕು.

ನಮ್ಮೂರ ತಲಪರಿಗೆಗೆ ನಾಲ್ಕು ವರ್ಷದ ಹಿಂದೆ ಸಿಮೆಂಟ್ ಗೋಡೆ, ಗ್ರಿಲ್ಲು, ಕೂರೋಕೆ ಬೆಂಚು ಎಲ್ಲಾ ಹಾಕ್ಸಿದ್ರು, ಫೋಟೋಗೆ ಚೆನ್ನಾಗಿ ಬರುತ್ತೆ. ನೀರು ಮಾತ್ರ ತಳದಲ್ಲಿ ಒಂದು ಕೊಡ ಮುಳುಗಲ್ಲ. ಮೇಲಿನ ಗುಡ್ಡದ ಬುಡದಲ್ಲಿ ಸಾಲಾಗಿ ಬೋರ್‌ವೆಲ್ ಇದೆ, ಅದರ ಬಗ್ಗೆ ಯಾರೂ ಒಂದು ಮಾತೂ ಆಡಿಲ್ಲ, ನಾನೂ ಆಡಿಲ್ಲ. ಡಿಸೆಂಬರ್‌ನಲ್ಲಿ ಊರಿಗೆ ಬರ್ತಿದೀನಿ, ಬೋರ್ ಇರೋ ಜಮೀನಿನೋರ ಮನೆಗೇ ಹೋಗಿ ಕೂತು ಮಾತಾಡ್ಬೇಕು ಅಂತಿದೀನಿ, ಅಮ್ಮನೂ ಬರ್ತಾರಂತೆ. ಊರಿನೋರು ಯಾರಾದ್ರೂ ಜೊತೆಗೆ ಬರೋದಾದ್ರೆ ಮೆಸೇಜ್ ಮಾಡಿ.